ಹುಚ್ಚೆಳ್ಳಿನ ಹೊಲದ ಫೋಟೋ

ಚಿಕ್ಕಪ್ಪ ತೆಗೆದ ಫೋಟೋ ಈಗ ನನ್ನ ಬಳಿ ಇದೆ. ಹಿಂದೆ ರಾಮಗಿರಿ ಗುಡ್ಡ, ಮುಂದೆ ನಮ್ಮ ಹುಚ್ಚೆಳ್ಳಿನ ಹೊಲ, ಎದೆಮಟ್ಟದ ಹಳದಿ ಹೂ. ಯಾರೂ ಇಲ್ಲದ ಜಾಗ ಎಷ್ಟು ಚೆಂದ ಎನ್ನುತ್ತಾರೆ ನೋಡಿದವರು. ಆ ಹೂಗಳೊಳಗೆ ನಮ್ಮಕ್ಕ ಕುಳಿತಿದ್ದಳು.

ಗೌರಿ ಹಬ್ಬಕ್ಕೆ ಬಂದ ಅಕ್ಕ ಮಹಾಲಯ ಅಮಾವಾಸ್ಯೆ ಹತ್ತಿರವಾದರೂ ಗಂಡನ ಮನೆಗೆ ಹೋಗಿರಲಿಲ್ಲ. ಅವಳ ಮೊಣಕೈ ಮೇಲಿನ ಸುಟ್ಟ ಕಲೆ ಇನ್ನೂ ಕೆಂಪಗಿತ್ತು. ಆ ಮಧ್ಯಾಹ್ನ ಭಾವ ಕರೆದೊಯ್ಯಲು ಬಂದರು. ಅವರ ದನಿ ಕೇಳಿದ್ದೇ ಅಕ್ಕ ನನ್ನ ಕೈ ಅದುಮಿ, "ಯಾರು ಕೇಳಿದ್ರೂ ಹೇಳ್ಬ್ಯಾಡ ಕಣೆ," ಎಂದು ಹಿತ್ತಲ ಬಾಗಿಲಿಂದ ಹೊಲಕ್ಕಿಳಿದಳು. ಚಿಕ್ಕಪ್ಪ ಮಾಳಿಗೆಯ ಮೇಲೆ ಹೊಸ ಕ್ಯಾಮೆರಾ ಹಿಡಿದು ನಿಂತಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ.

"ಕುಂತ್ಕಳ್ರಿ, ಈಗ ಬರ್ತಾಳೆ," ಎಂದು ಭಾವನಿಗೆ ಹೇಳಿದ ಅಪ್ಪ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದ.

"ಎಲ್ಲೇ ನಿಮ್ಮಕ್ಕ? ಬಸ್ಸಿನ ಹೊತ್ತಾತು."

"ಗೊತ್ತಿಲ್ಲಪ್ಪ."

ಹೊಲದ ಕಡೆ ನೋಡಬಾರದೆಂದು ನಾನು ನೆಲ ನೋಡುತ್ತ ನಿಂತೆ. ಕೆನ್ನೆಗೆ ಏಟು ಬಿತ್ತು. ತುಟಿ ಕಚ್ಚಿಕೊಂಡೆ. ಎರಡನೆಯ ಏಟಿಗೆ ಕಿರುಚಿಬಿಟ್ಟೆ.

ಹೂಗಳ ನಡುವಿನಿಂದ ಅಕ್ಕ ಎದ್ದು ನಿಂತಳು. "ಅವಳನ್ನ ಬಿಡಪ್ಪ. ಹೋಗ್ತೀನಿ."

ಅವ್ವ ಯಾರ ಮುಖವನ್ನೂ ನೋಡದೆ ಅವಳಿಗೆ ಮಡಿಲು ತುಂಬಿದಳು. ಭಾವ ಚೀಲ ಹಿಡಿದು ಮುಂದೆ ನಡೆದರು. ಅಕ್ಕ ಹೊಸ್ತಿಲಲ್ಲಿ ತಿರುಗಿ ಬಂದು ನನ್ನ ಕೆನ್ನೆ ಸವರಿದಳು.

"ನೋಯ್ತೈತೇನೆ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಭಾವನ ಹಿಂದೆ ಹೊರಟಳು.