ಹದಿನೈದನೇ ರೊಟ್ಟಿಯ ನಂತರ

ಐದು ನಿಮಿಷ ಬಿಡುವಿದ್ದರೆ ಓದಿ... ಇದು ನನ್ನ ಬಗ್ಗೆ ನನಗೇ ನಾಚಿಕೆಯಾದ ದಿನದ ಕಥೆ.

ನಾನು ಗದಗಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಕೂತು ಕುತ್ತಿಗೆ ಹಿಡಿದುಕೊಂಡಿತ್ತು. ಹಿಂದೆ ಯಾರಾದರೂ ಕರೆದರೆ ಎತ್ತಿನ ಬಂಡಿಯ ಹಾಗೆ ಇಡೀ ದೇಹವೇ ತಿರುಗಬೇಕಿತ್ತು.

ಹೀಗಾಗಿ ಫಿಜಿಯೋಥೆರಪಿಗೆ ಹೋಗತೊಡಗಿದೆ. ಡಾಕ್ಟರ್ ಹೆಸರು ತಸ್ಲೀಮ್ ನದಾಫ್. ವಯಸ್ಸು ಚಿಕ್ಕದು, ಮಾತು ಖಡಕ್ಕು.

ಅಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಸುಮಾರು ಅರವತ್ತು ವರ್ಷದ ಒಬ್ಬ ಹೆಂಗಸು ಕೂರುತ್ತಿದ್ದರು. ನಿಂಬೆವ್ವ ಅಂತ. ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ.

ಎರಡು ವರ್ಷದ ನೋವು... ಎಣ್ಣೆ ತಿಕ್ಕಿದ್ದಾಯಿತು, ಮುಲಾಮು ಹಚ್ಚಿದ್ದಾಯಿತು, ಗುಳಿಗೆ ನುಂಗಿದ್ದಾಯಿತು. ಯಾರೋ ಹೇಳಿದರೆಂದು ಒಂದು ತಿಂಗಳು, ಕೆಲಸದ ಹೊತ್ತು ಬಿಟ್ಟರೆ, ಕೈ ಅಲುಗಾಡಿಸದೆ ಕೂತದ್ದೂ ಆಯಿತು. ಭುಜ ಇನ್ನಷ್ಟು ಬಿಗಿದುಕೊಂಡಿತು.

"ಏನ್ ಕೆಲಸ ಮಾಡ್ತೀರಿ ಅವ್ವಾ?" ಅಂತ ಮೊದಲ ದಿನ ಡಾಕ್ಟರ್ ಕೇಳಿದರು.

"ಕೋರ್ಟ್ ಹಿಂದಿನ ಓಣ್ಯಾಗ ಖಾನಾವಳಿ ಐತ್ರಿ. ಮಧ್ಯಾಹ್ನ ಒಂದ ಹೊತ್ತಿಗೆ ನೂರಾಐವತ್ತು ರೊಟ್ಟಿ ಬಡೀತೀನಿ. ಈ ಕೈ ನಿಂತ್ರ ಖಾನಾವಳಿನೂ ನಿಂತಂಗ್ರಿ..."

ನನಗೆ ಕೂತಲ್ಲೇ ಮುಖಕ್ಕೆ ಹೊಡೆದಂತಾಯಿತು.

ಅದು ನಾನು ಆರು ವರ್ಷದಿಂದ ಮಧ್ಯಾಹ್ನ ಉಣ್ಣುವ ಖಾನಾವಳಿ! ಅಡ್ಡಗೋಡೆಯ ಕಿಂಡಿಯಿಂದ ಬಿಸಿ ರೊಟ್ಟಿ ಬರುತ್ತಿತ್ತು, ನಾನು ತಿನ್ನುತ್ತಿದ್ದೆ. ಬಡಿಯುವವರ ಮುಖ ಒಮ್ಮೆಯೂ ನೋಡಿರಲಿಲ್ಲ.

ಡಾಕ್ಟರ್ ನಿಂಬೆವ್ವನಿಗೆ ಬಿಡಿಸಿ ಹೇಳಿದರು. "ಪೂರ್ತಿ ಬಿಟ್ಟು ಕುಂತ್ರ ಕೀಲು ಬಿಗೀತೈತಿ. ನೋವಾದರೂ ಬಿಡದಂಗ ದುಡಿದ್ರ ಮತ್ತ ಕೆರಳತೈತಿ. ಹದಿನೈದು ರೊಟ್ಟಿ ಆದ ಕೂಡ್ಲೆ ಏಳ್ರಿ. ನೋವು ಬರೂಕಿಂತ ಮೊದ್ಲ ಏಳಬೇಕು. ಗೋಡಿ ಮುಂದ ನಿಂತು ಬೆರಳಿಲೆ ಮೆಲ್ಲಕ ಮ್ಯಾಲೆ ಹತ್ತಿಸ್ರಿ. ಎರಡ ನಿಮಿಷ, ಸಾಕು."

"ಹೂನ್ರಿ ಡಾಕ್ಟ್ರವ್ವ" ಅಂದರು ನಿಂಬೆವ್ವ.

ಆರು ವಾರ ಕಳೆಯಿತು. ಕ್ಲಿನಿಕ್ಕಿನಲ್ಲಿ ಶಾಖ ಕೊಟ್ಟರು, ಕರೆಂಟ್ ಇಟ್ಟರು, ಕೈ ಹಿಡಿದು ವ್ಯಾಯಾಮ ಮಾಡಿಸಿದರು. ಆ ಹೊತ್ತಿಗೆ ಹಗುರ ಅನಿಸುತ್ತಿತ್ತು. ಮರುದಿನ ಮತ್ತೆ ಅದೇ ನೋವು.

"ನಡುವ ಏಳ್ತೀರಿಲ್ಲೋ?" ಅಂತ ಡಾಕ್ಟರ್ ಪ್ರತಿ ಸಲ ಕೇಳುತ್ತಿದ್ದರು. "ಏಳ್ತೀನ್ರೀ" ಅಂತ ಪ್ರತಿ ಸಲ ಅದೇ ಉತ್ತರ.

ಡಾಕ್ಟರಿಗೆ ಅನುಮಾನ ಬಂತು. ಒಂದು ದಿನ ಮಧ್ಯಾಹ್ನ ಸೀದಾ ಖಾನಾವಳಿಗೇ ಊಟಕ್ಕೆ ಬಂದುಬಿಟ್ಟರು. ನಾನೂ ಅಲ್ಲೇ ಇದ್ದೆ.

ಅವರು ಉಂಡದ್ದಕ್ಕಿಂತ ಕಿಂಡಿಯಿಂದ ಬರುವ ರೊಟ್ಟಿ ಎಣಿಸಿದ್ದೇ ಹೆಚ್ಚು. ಹದಿನೈದು ರೊಟ್ಟಿ ಆಯಿತು... ಮೂವತ್ತಾಯಿತು... ಐವತ್ತಾದರೂ ಒಳಗಿನ ಬಡಿತ ನಿಲ್ಲಲಿಲ್ಲ.

ಕೈ ತೊಳೆದು ಒಳಗೆ ಹೋದರು. ಮಾತು ಹೊರಗಿದ್ದ ನಮಗೆಲ್ಲ ಕೇಳಿಸುತ್ತಿತ್ತು.

"ನನ್ನ ಮುಂದ ಯಾಕ ಸುಳ್ಳ ಹೇಳಿದ್ರಿ ಅವ್ವಾ?"

ಬಡಿತ ನಿಂತಿತು.

"ಹೊರಗ ಮಂದಿ ಉಣ್ಣಾಕ ಕುಂತಾರ್ರೀ... ತಾಟಿನ್ಯಾಗಿನ ರೊಟ್ಟಿ ತೀರೂದ್ರಾಗ ಇನ್ನೊಂದು ಬೀಳಬೇಕು. ಕಡೀ ತಾಟು ಏಳೂ ತನಕ ಒಲಿ ಮುಂದಿಂದ ಏಳಬಾರದು ಅಂತ ನಮ್ಮತ್ತಿ ಕಲಿಸ್ಯಾರ. ಮೂವತ್ತು ವರ್ಷ ಹಂಗ ನಡಸೇನಿ. ಕಾಯಿಸಿದ್ರ ನಾಳೆ ಯಾರ್ ಬರ್ತಾರ್ರೀ?"

ಅಷ್ಟರಲ್ಲಿ ಟಣ್ ಟಣ್ ಅಂತ ಸದ್ದು. ದಿನಾ ನಮ್ಮ ಜೊತೆ ಉಣ್ಣುವ ಹೊಂಬಳ ವಕೀಲರು! ರೊಟ್ಟಿ ತಡವಾದರೆ ಸ್ಟೀಲ್ ಲೋಟದಿಂದ ಟೇಬಲ್ ಕುಟ್ಟುವುದು ಅವರ ಅಭ್ಯಾಸ. ನಾವೂ ನಗುತ್ತಿದ್ದೆವು.

ಡಾಕ್ಟರ್ ಕಿಂಡಿಯಲ್ಲಿ ಮುಖ ತೋರಿಸಿದರು. "ಎರಡ ನಿಮಿಷ ತಡ ಆಗತೈತ್ರಿ ಸರ್. ನಿಮಗ ರೊಟ್ಟಿ ಬಡಿಯೋರ ಕೈ ಮ್ಯಾಲೆ ಏಳಂಗಿಲ್ಲ."

ನಿಂಬೆವ್ವನನ್ನು ಕೈಹಿಡಿದು ಹೊರಗೆ ಕರೆತಂದರು. ಒಳಗೆ ಒಲೆ, ಹಿಟ್ಟಿನ ಡಬ್ಬಿ... ಖಾಲಿ ಗೋಡೆ ಇದ್ದದ್ದು ನಾವು ಕೂರುವ ಕಡೆಯೇ.

ಮೊಣಕೈವರೆಗೂ ಹಿಟ್ಟು. ತಲೆ ಮೇಲೆ ಸೆರಗು. ಗೋಡೆಗೆ ಬೆರಳಿಟ್ಟು ಒಂದೊಂದೇ ಹೆಜ್ಜೆ ಮೇಲೆ ಹತ್ತಿಸಿದರು. ಕಿವಿಯ ಮಟ್ಟಕ್ಕೆ ಬರುವಷ್ಟರಲ್ಲಿ ಕೈ ಅಲ್ಲೇ ನಿಂತುಬಿಟ್ಟಿತು.

ಯಾರೂ ಉಣ್ಣಲಿಲ್ಲ.

ವಕೀಲರು ಲೋಟ ಕೆಳಗಿಟ್ಟರು.

"ಎಷ್ಟ ದಿನಾ ಆತವ್ವ ಇದು?"

"ಎರಡ ವರ್ಷ ಆತ್ರಿ ಸಾಹೇಬ್ರ."

"ಒಂದ ಮಾತು ಹೇಳಬಾರದಾಗಿತ್ತೇನು?"

"ರೊಟ್ಟಿ ಛಲೋ ಆಗ್ಯಾವ ಅಂತ ನೀವು ಅಂತಿದ್ರೆಲ್ರಿ... ಅದು ಒಳಗ ಕೇಳತಿತ್ತು. ಅಷ್ಟ ಸಾಕಾಗಿತ್ರಿ."

ವಕೀಲರು ಲೋಟವನ್ನು ದೂರ ಸರಿಸಿದರು. ಆಮೇಲೆ ಅಂದದ್ದು ಇಷ್ಟು...

"ಒಂದ ಕೇಸಿಗೆ ಹನ್ನೊಂದು ವರ್ಷ ಕಾದೇನವ್ವ ನಾ. ಒಂದ ರೊಟ್ಟಿಗೆ ಎರಡ ನಿಮಿಷ ಕಾಯಾಕ ಆಗೂದಿಲ್ಲೇನು? ಎಷ್ಟ ಸಲ ಬೇಕಾದ್ರೂ ಏಳು. ನಾವೇನ್ ಎಲ್ಲೂ ಹೋಗಂಗಿಲ್ಲ."

ನಿಂಬೆವ್ವ ಗೋಡೆ ಕಡೆ ಮುಖ ಮಾಡಿಯೇ ಅತ್ತರು. ಕೈಗೆಲ್ಲ ಹಿಟ್ಟು, ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ. ಡಾಕ್ಟರೇ ತಮ್ಮ ದುಪಟ್ಟಾದಿಂದ ಒರೆಸಿದರು.

ಇದಾಗಿ ಐದು ತಿಂಗಳಾಯಿತು. ಹದಿನೈದು ರೊಟ್ಟಿಗೊಮ್ಮೆ ಅವರು ಹೊರಗೆ ಬಂದು ಗೋಡೆ ಮುಂದೆ ನಿಲ್ಲುತ್ತಾರೆ. ನಾನೂ ಎದ್ದು ನಾಲ್ಕು ಸಲ ಕುತ್ತಿಗೆ ತಿರುಗಿಸುತ್ತೇನೆ.

ನೋವು ಪೂರ್ತಿ ಹೋಯಿತೇ? ಇಲ್ಲ. ಚಳಿ ಬಿದ್ದ ದಿನ ಈಗಲೂ ಭುಜ ಹಿಡಿಯುತ್ತದೆ. ಆದರೆ ಬೆರಳು ತಲೆಗಿಂತ ಒಂದು ಗೇಣು ಮೇಲೆ ಹೋಗುತ್ತದೆ. ಖಾನಾವಳಿ ನಡೆಯುತ್ತಿದೆ. ಒಬ್ಬ ಗಿರಾಕಿಯೂ ಬಿಟ್ಟು ಹೋಗಿಲ್ಲ.

ನೋವನ್ನು ಒಮ್ಮೆ ಬಾಯಿಬಿಟ್ಟು ಹೇಳಿ... ನಿಮಗಾಗಿ ಕಾಯುವವರು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಜನ ಇದ್ದಾರೆ.

ಇವತ್ತು ನಿಮ್ಮ ತಟ್ಟೆಗೆ ಬಿಸಿಬಿಸಿ ಬಡಿಸಿದ ಕೈ ನೋಯುತ್ತಿದೆಯೇ ಎಂದು ನೀವು ಎಂದಾದರೂ ಕೇಳಿದ್ದೀರಾ?