ಏಳನೆಯ ಚುಕ್ಕೆ

ಕಂಪ್ಯೂಟರ್ ಪರದೆಯ ಮೇಲಿನ ಗೆರೆ ಒಂಬತ್ತೂ ಚುಕ್ಕೆಗಳನ್ನು ಮುಟ್ಟಿಕೊಂಡು ಹೋಯಿತು. ಹೆಪ್ಟೇನ್ ಇಂಧನ ಎಷ್ಟು ಬಿಸಿಗೆ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆಂದು ಮೂರು ವರ್ಷ ಉಕ್ಕಿನ ಕೊಳವೆಯಲ್ಲಿ ಉರಿಸಿ, ಅಳೆದು ಆ ಚುಕ್ಕೆಗಳನ್ನಿಟ್ಟವಳು ಮರ್ಜಾನ್. ಕುರ್ಚಿ ಬಿಟ್ಟೇಳದೆ ಲೆಕ್ಕ ಹಾಕಿ ಗೆರೆ ಎಳೆದವಳು ಕಿರಿಯಳಾದ ಬೊತಾಗೋಜ್. ಅಲ್ಮಾಟಿಯ ಆ ಪ್ರಯೋಗಾಲಯವೆಲ್ಲ ಗೆರೆಯನ್ನೇ ಹೊಗಳುತ್ತಿತ್ತು.

ಹೊಟ್ಟೆಕಿಚ್ಚಿನಿಂದ ಹುಳುಕು ಹುಡುಕುತ್ತಿದ್ದ ಮರ್ಜಾನಳ ಕಣ್ಣು ಏಳನೆಯ ಚುಕ್ಕೆಯಲ್ಲಿ ನಿಂತಿತು. ಅದನ್ನು ಅಳೆದ ದಿನ ಕೊಳವೆ ಸೋರುತ್ತಿತ್ತು; ಅಳತೆ ತಪ್ಪಾಗಿತ್ತು. ಅವಳು ಯಾರಿಗೂ ಹೇಳಿರಲಿಲ್ಲ.

“ಏಳನೇದಕ್ಕೂ ಹೆಂಗೆ ಸರಿಹೋಯ್ತೇ?”

“ಮೊದ್ಲು ಸರಿಹೋಗಿರ್ಲಿಲ್ಲ ಅಕ್ಕ. ನೀವು ಅಳೆದಿದ್ದು ತಪ್ಪಿರಲ್ಲ ಅಂತ ನನ್ನ ಲೆಕ್ಕಾನೇ ತಿದ್ದಿದೆ.”

ಮರ್ಜಾನ್ ಚಹಾದ ಬಟ್ಟಲನ್ನು ಕೆಳಗಿಟ್ಟಳು. ಎಲ್ಲರಿಗೂ ಕೇಳುವಂತೆ ಹೇಳಿದಳು.

“ನಿನ್ನ ಹಳೇ ಗೆರೇನೇ ಹಾಕೇ. ನನ್ನ ಏಳನೇ ಚುಕ್ಕೆ ಅಳಿಸು.”