ಅರ್ಧ ಚಮಚ ಹೆಪ್ಪು

"ಪಕ್ಕದ ಮನೆಗೆ ಹೊಸದಾಗಿ ಬಂದಿದಾಳಲ್ಲ ರೇಣುಕಾ, ನಿನ್ನೆ ಸಂಜೆ ಹೆಪ್ಪು ಕೇಳಿದಳು. ಬರಿಗೈಲಿ ಕಳಿಸೋಕಾಗುತ್ತಾ?" ಎಂದರು ಅತ್ತೆ.

ಪಂಕಜಾಕ್ಷಿ ಕೈಲಿದ್ದ ಕೆಲಸ ಬಿಟ್ಟು ಎದ್ದಳು. ಈಗೆಲ್ಲ ಔಷಧಿ ಅಂಗಡಿಯಿಂದ ಜನ ತರುವುದು ಗುಳಿಗೆಯನ್ನಲ್ಲ, ಹೆಪ್ಪನ್ನು. ಮನೆಯ ಕಾಯಿಲೆಗೆ ತಕ್ಕ ಮದ್ದು ಮೊಸರಿನಲ್ಲೇ ಹುಟ್ಟುವಂತೆ ಅದರ ವಂಶವಾಹಿಯನ್ನು ತಿದ್ದಿರುತ್ತಾರೆ. ಆದರೂ ನೆರೆಮನೆಯಲ್ಲಿ ಹೆಪ್ಪು ಕೇಳುವ ರೂಢಿ ಹೋಗಿರಲಿಲ್ಲ, ಕೊಡುವ ರೂಢಿಯೂ ಹೋಗಿರಲಿಲ್ಲ. ಈ ಮನೆಯದು ನಿದ್ದೆಯ ಹೆಪ್ಪು. ವರ್ಷಗಟ್ಟಲೆ ನಿದ್ದೆಗೆಟ್ಟಿದ್ದ ಮಾವ ಈಗ ಮೊಸರನ್ನ ಉಂಡರೆ ಕೂತಲ್ಲೇ ಗೊರಕೆ ಹೊಡೆಯುತ್ತಾರೆ.

"ಅರ್ಧ ಚಮಚ ಕೊಟ್ಟೆ ಅಷ್ಟೆ ಕಣೇ."

"ಒಂದು ಪಾತ್ರೆ ಹಾಲಿಗೆ ಅಷ್ಟು ಸಾಕಲ್ಲ ಅತ್ತೆ."

ಚಪ್ಪಲಿಯನ್ನೂ ಮೆಟ್ಟದೆ ಅವಳು ಪಕ್ಕದ ಮನೆಗೆ ಓಡಿದಳು. ರೇಣುಕಾ ಪಾತ್ರೆ ತೊಳೆಯುತ್ತಿದ್ದಳು. ಅವಳ ಗಂಡ ಮಹಾಂತೇಶ ಬಸ್ ಡ್ರೈವರ್.

"ಮೊಸರು ಗಟ್ಟಿಯಾಗಿ ಬಂದಿತ್ತು ಅಕ್ಕ. ಅಷ್ಟನ್ನೂ ಅನ್ನಕ್ಕೆ ಕಲಸಿ ಅವರ ಡಬ್ಬಿಗೆ ಹಾಕಿಬಿಟ್ಟೆ."

"ಫೋನ್ ಮಾಡು, ಉಣ್ಣಬೇಡಿ ಅನ್ನು. ಅದು ನಿದ್ದೆಯ ಹೆಪ್ಪು."

ರೇಣುಕಾಳ ಒದ್ದೆ ಬೆರಳು ಫೋನಿನ ಮೇಲೆ ಜಾರಿತು. ಗಂಡ ಎತ್ತಲಿಲ್ಲ. ಮತ್ತೆ ಮಾಡಿದಳು, ಆಗಲೂ ಎತ್ತಲಿಲ್ಲ. ಕೊನೆಗೆ ಕಂಡಕ್ಟರ್ ನಂಬರಿಗೆ ಮಾಡಿದಳು. ಪಂಕಜಾಕ್ಷಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಳು.

"ಹೇಳಿ ಅತ್ತಿಗೆ," ಎಂದ ಕಂಡಕ್ಟರ್. "ಅಣ್ಣ ಗಾಡಿ ಓಡಿಸ್ತಾ ಇದಾರೆ. ಮೊಸರನ್ನ ಚೆನ್ನಾಗಿತ್ತು, ಇಬ್ಬರೂ ಹಂಚಿಕೊಂಡು ಉಂಡ್ವಿ."

ಅಷ್ಟು ಹೇಳಿ ಅವನು ಉದ್ದಕ್ಕೆ ಆಕಳಿಸಿದ. ಆ ಆಕಳಿಕೆಯ ಹಿಂದೆ ಬಸ್ಸಿನ ಇಂಜಿನ್ ಸದ್ದು ಕೇಳುತ್ತಲೇ ಇತ್ತು.